ನೂರಕ್ಕೆ ಎರಡು ರೂಪಾಯಿಯ ಹಾಸಿಗೆ

ಮುಂಬೈ ಆಸ್ಪತ್ರೆ ಅಂದ ಕೂಡಲೇ ನಮ್ಮೂರಲ್ಲಿ ಎಲ್ಲರಿಗೂ ಕಾಕಾನ ಕಥೆ ನೆನಪಾಗುತ್ತದೆ. ಕಾಕಾ ಇರುವ ತನಕ ಅವನೇ ಹೇಳುತ್ತಿದ್ದ, ಈಗ ನನ್ನ ಪಾಳಿ. ಅವನ ಕಥೆಯಲ್ಲಿ ಒಬ್ಬ ಧರ್ಮಾತ್ಮ ಶೇಟ್ ಬರುತ್ತಿದ್ದ, ಕಣ್ಣೀರು ಬರುತ್ತಿತ್ತು, ದೇವರು ಬರುತ್ತಿದ್ದ. ನನ್ನ ಕಥೆಯಲ್ಲಿ ಒಂದು ಹೈಕೋರ್ಟ್ ಆದೇಶ ಇದೆ, ಒಂದು ಕೇಸರಿ ರೇಷನ್ ಕಾರ್ಡ್ ಇದೆ, ಮುಂಬೈ ಲಾಲ್‌ಬಾಗಿನ ಒಬ್ಬ ಮುದುಕ ಇದ್ದಾನೆ. ಬೆಂಕಿಗೆ ಇನ್ನೆರಡು ಕುಳ್ಳು ಹಾಕಿ. ಸೀತನಿ ಸುಡೋದು ಮುಗಿದರೂ ಇದು ಮುಗಿಯೋದಿಲ್ಲ.

ನಾವು ಅಕ್ಕಲಕೋಟ ತಾಲೂಕಿನವರು. ನಮ್ಮ ತಹಶೀಲ್ದಾರ ಮರಾಠಿ, ರೇಷನ್ ಕಾರ್ಡ್ ಮರಾಠಿ, ಬೈಗುಳ ಮಾತ್ರ ಅಚ್ಚ ಕನ್ನಡ. ಹೆಣ್ಣು ಕೊಟ್ಟು ತರೋದು ಆಳಂದ, ಇಂಡಿ ಕಡೆಗೆ. ಮಳೆ ಕೈಕೊಟ್ಟ ವರ್ಷ ಗಂಡಸರೆಲ್ಲ ಮುಂಬೈ ಗಾಡಿ ಹತ್ತುತ್ತಾರೆ. ನಾನು ಹಾಗೇ ಹೋಗಿ ಮಸ್ಜಿದ್ ಬಂದರಿನ ಒಂದು ಕಿರಾಣಿ ಪೇಢಿಯಲ್ಲಿ ಲೆಕ್ಕ ಬರೆಯಲು ಕುಳಿತೆ. ಅಪ್ಪನ ಕಿರಿಯ ತಮ್ಮ, ನಮ್ಮ ಕಾಕಾ, ಆಮೇಲೆ ಬಂದ. ಅವನಿಗೆ ಅಕ್ಷರ ಅಷ್ಟಕ್ಕಷ್ಟೇ, ಆದರೆ ಮೀಸೆ ಚೆನ್ನಾಗಿತ್ತು. ಆ ಮೀಸೆಯ ಮೇಲೇ ಅವನಿಗೆ ಉಪನಗರದ ಒಂದು ಟವರಿನ ಸೈಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಯಾವ ಉಪನಗರ ಅಂತ ಕೇಳಬೇಡಿ. ಹೇಳಿದರೆ ಆಸ್ಪತ್ರೆಯ ಗುರುತು ಹತ್ತುತ್ತದೆ. ಅದು ಬೇಡ.

2009ರ ಮಳೆಗಾಲ. ರಾತ್ರಿ ಊಟದ ಹೊತ್ತಿಗೆ ಸೈಟಿನ ಸೂಪರ್‌ವೈಸರ್ ಫೋನ್ ಮಾಡಿದ. ಕಾಕಾನಿಗೆ ಹೊಟ್ಟೆ ಹಿಡಕೊಂಡಿದೆ, ನೆಟ್ಟಗೆ ನಿಲ್ಲಲಾರ, ಮೈಯೆಲ್ಲ ಬೆವರು. ಮುನಿಸಿಪಾಲಿಟಿ ಆಸ್ಪತ್ರೆ ಇದ್ದದ್ದು ರೈಲು ಹಳಿಯ ಆಚೆ, ಸೈಟು ಈಚೆ. ನಡುವಿನ ಸಬ್‌ವೇಯಲ್ಲಿ ಎದೆಮಟ್ಟ ನೀರು. ಮುಂಬೈಯಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ ಅಂದರೆ ಮಳೆಗಾಲದಲ್ಲಿ ಕೆರೆಗಳೇ. ರಿಕ್ಷಾದವನು ಈಚೆ ಕಡೆಗೇ ಇದ್ದ ದೊಡ್ಡ ಟ್ರಸ್ಟ್ ಆಸ್ಪತ್ರೆಯ ಬಾಗಿಲಿಗೆ ಅವನನ್ನು ಇಳಿಸಿ ಹೋಗಿದ್ದ.

ನಾನು ಲೋಕಲ್ ಸಿಕ್ಕಷ್ಟು ದೂರ ಲೋಕಲ್‌ನಲ್ಲಿ, ಉಳಿದದ್ದನ್ನು ನೀರಿನಲ್ಲಿ ನಡೆದು ಹೋಗಿ ಮುಟ್ಟಿದಾಗ ಸರಿರಾತ್ರಿ ದಾಟಿತ್ತು. ಒಳಗೆ ಹೊಕ್ಕ ಕೂಡಲೇ ಅಮೃತಶಿಲೆಯ ಒಂದು ಮೂರ್ತಿ. ಪಗಡಿ ಸುತ್ತಿದ ಶೇಟ್, ಕೊರಳಿಗೆ ಗಂಧದ ಹಾರ, ಕೆಳಗೆ ಗುಜರಾತಿಯಲ್ಲಿ, ಇಂಗ್ಲಿಷಿನಲ್ಲಿ ಹೆಸರು. ಅದರ ಎಡಕ್ಕೆ ಕ್ಯಾಶ್ ಕೌಂಟರ್, ಬಲಕ್ಕೆ ಕ್ಯಾಜುವಾಲ್ಟಿ.

ಎಳೆ ವಯಸ್ಸಿನ ಡಾಕ್ಟರು ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಗಿಸಿ ತೋರಿಸಿದರು. ಎದೆಗೂ ಹೊಟ್ಟೆಗೂ ನಡುವಿನ ಪರದೆಯ ಕೆಳಗೆ ಬಲಬದಿಗೆ ಕುಡುಗೋಲಿನ ಆಕಾರದ ಒಂದು ಕಪ್ಪು ಗೆರೆ. ಅದು ಗಾಳಿ. ಅಲ್ಲಿ ಇರಬಾರದ ಗಾಳಿ. ಹಳೆಯ ಹುಣ್ಣು ಒಡೆದು ಕರುಳಿಗೆ ತೂತು ಬಿದ್ದಿದೆ, ಹೊಟ್ಟೆಯೊಳಗೆಲ್ಲ ಹೊಲಸು ಹರಡುತ್ತಿದೆ, ಬೆಳಗಿನ ತನಕ ಕಾಯುವ ಹಾಗಿಲ್ಲ ಅಂದರು. ತಲೆನೋವಿಗೆ, ಮೈನೋವಿಗೆ ಅಂತ ಕಾಕಾ ವರ್ಷಾನುಗಟ್ಟಲೆ ಖಾಲಿ ಹೊಟ್ಟೆಯಲ್ಲಿ ನುಂಗಿದ ಗುಳಿಗೆಗಳ ಹೆಸರು ಕೇಳಿ ತಲೆ ಆಡಿಸಿದರು. ಒಳ್ಳೆಯ ಹುಡುಗ. ಆಪರೇಷನ್ ಥಿಯೇಟರಿಗೆ ಅವರೇ ಫೋನ್ ಮಾಡಿದರು. ಆದರೆ ಫೈಲು ಮೇಲೆ ಹೋಗಬೇಕಾದರೆ ಕೌಂಟರಿನ ಮುದ್ರೆ ಬೇಕು, ಮುದ್ರೆಗೆ 40,000 ಡಿಪಾಜಿಟ್ ಬೇಕು.

ಕೌಂಟರಿನವನು ಕೆಟ್ಟವನೇನಲ್ಲ. ಕಂಪ್ಯೂಟರ್ ನೋಡುತ್ತ, ನನ್ನ ಮುಖ ನೋಡದೆ, ‘ರೂಲ್ ಇದೆ’ ಅಂದ. ನಾನು ಕೈಮುಗಿದೆ. ಎಟಿಎಂಗೆ ಓಡಿದೆ, ಅದು ಕೊಟ್ಟಷ್ಟು ತಂದೆ. ಸೂಪರ್‌ವೈಸರ್ ಜೇಬಿನಿಂದ ಒಂದಿಷ್ಟು ತೆಗೆದ. ಪೇಢಿಯಲ್ಲಿ ಮಲಗುತ್ತಿದ್ದ ಹುಡುಗ ಹಮಾಲರ ಹತ್ತಿರ ಕೂಡಿಸಿ ತಂದ ನೋಟುಗಳು ಒದ್ದೆಯಾಗಿದ್ದವು, ಮೆಣಸಿನಕಾಯಿ ಘಾಟು ಹೊಡೆಯುತ್ತಿದ್ದವು. ಕೌಂಟರಿನವನು ಅವನ್ನು ಎಣಿಸುತ್ತ ಎರಡು ಸಲ ಸೀನಿದ. ಅರ್ಧದಷ್ಟು ತುಂಬಿದ ಮೇಲೆ ಮುದ್ರೆ ಬಿತ್ತು. ಅಷ್ಟರೊಳಗೆ ಎರಡು ತಾಸು ಹೋಗಿದ್ದವು. ಕಾಕಾ ಸ್ಟ್ರೆಚರಿನ ಮೇಲೆ ಮೊಣಕಾಲು ಮಡಚಿಕೊಂಡು ಮಲಗಿದ್ದ, ಒಂದು ಮಾತೂ ಆಡಲಿಲ್ಲ. ಮಾತು ನಿಲ್ಲಿಸಿದ ಕಾಕಾನನ್ನು ನಾನು ಅದೇ ಮೊದಲು ನೋಡಿದ್ದು.

ಬದುಕಿದ. ಆಪರೇಷನ್ ಆಯಿತು, ಐಸಿಯು ಆಯಿತು, ಜನರಲ್ ವಾರ್ಡಿಗೆ ತಂದರು. ಅಷ್ಟು ಹೊತ್ತಿಗೆ ಬಿಲ್ಲು ಲಕ್ಷದ ಸಮೀಪ ಬಂದಿತ್ತು. ದಿನಾ ಬೆಳಿಗ್ಗೆ ಒಂದು ಚೀಟಿ ಬರುತ್ತಿತ್ತು: ಇಂದು ಇಷ್ಟು ತುಂಬಿರಿ. ಕಾಕಿ ಊರಿಂದ ಬಂದವಳು ಕೊರಳ ಗುಂಡಿನ ಸರ ಬಿಚ್ಚಿ ನನ್ನ ಕೈಯಲ್ಲಿ ಇಟ್ಟಳು.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಇದ್ದಳು, ಸೊಂಟದ ಎಲುಬು ಮುರಿದಿತ್ತು. ಅವಳ ಗಂಡ ಲಾಲ್‌ಬಾಗಿನ ಹಳೆಯ ಗಿರಣಿ ಕಾಮಗಾರ. 1982ರ ಮುಷ್ಕರದಲ್ಲಿ ಕೆಲಸ ಕಳಕೊಂಡವನು. ಬಿಳಿ ಟೋಪಿ, ಮೂಗಿನ ತುದಿಗೆ ಚಸ್ಮಾ, ಕಂಕುಳಲ್ಲಿ ಮರಾಠಿ ಪೇಪರು. ಎರಡು ದಿನ ನಮ್ಮನ್ನು ಸುಮ್ಮನೆ ನೋಡಿದ. ಮೂರನೆಯ ದಿನ ಗುಂಡಿನ ಸರ ಕೈ ಬದಲಾಗೋದು ಕಂಡು ತಡೆಯಲಾರದೆ ಕೇಳಿದ.

‘ತಮ್ಮಾ, ರೇಷನ್ ಕಾರ್ಡ್ ಯಾವ ಬಣ್ಣದ್ದು?’

ಮಹಾರಾಷ್ಟ್ರದಲ್ಲಿ ಬಡತನಕ್ಕೆ ಬಣ್ಣ ಇದೆ. ಹಳದಿ ಅಂದರೆ ಬಡತನದ ಗೆರೆಯ ಕೆಳಗಿನವರು, ಕೇಸರಿ ಅಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಬಿಳಿ ಅಂದರೆ ಉಳ್ಳವರು. ನಮ್ಮದು ಕೇಸರಿ ಅಂದೆ.

‘ಮತ್ತ ದುಡ್ಡು ಯಾಕೆ ತುಂಬಲಿಕ್ಕೆ ಹತ್ತೀದಿ?’

ಅವನು ನನ್ನನ್ನು ಓಪಿಡಿಯ ಹಿಂದಿನ ಓಣಿಗೆ ಕರಕೊಂಡು ಹೋದ. ಅಲ್ಲಿ ನೀರಿನ ಕೂಲರ್ ಇತ್ತು. ಕೂಲರಿನ ಹಿಂದೆ, ಅರ್ಧ ಮುಚ್ಚಿದ ಹಾಗೆ, ಮರಾಠಿಯ ಒಂದು ಬೋರ್ಡು. ನಿರ್ಧನ ರೋಗಿಗಳಿಗೆ 10 ಪ್ರತಿಶತ ಹಾಸಿಗೆ ಪೂರ್ತಿ ಉಚಿತ. ದುರ್ಬಲ ವರ್ಗದ ರೋಗಿಗಳಿಗೆ 10 ಪ್ರತಿಶತ ಹಾಸಿಗೆ ರಿಯಾಯಿತಿ ದರದಲ್ಲಿ. ವರ್ಷದ ಆದಾಯ 25,000ದೊಳಗೆ ಇದ್ದವನು ನಿರ್ಧನ, 50,000ದೊಳಗೆ ಇದ್ದವನು ದುರ್ಬಲ. ತುರ್ತು ರೋಗಿಯನ್ನು ಕೂಡಲೇ ದಾಖಲು ಮಾಡಬೇಕು, ಅವನಿಂದ ಡಿಪಾಜಿಟ್ ಕೇಳುವ ಹಾಗಿಲ್ಲ. ನಾನು ಆ ಸಾಲನ್ನು ಬೆರಳಿಟ್ಟು ಓದಿದೆ. ಒದ್ದೆ ನೋಟುಗಳು, ಎರಡು ತಾಸು, ಮಡಚಿದ ಮೊಣಕಾಲು ಎಲ್ಲ ಕಣ್ಣ ಮುಂದೆ ಬಂತು.

‘ಇದು ಭಿಕ್ಷಾ ಅಲ್ಲ, ಕೋರ್ಟಿನ ಹುಕುಂ’ ಅಂದ ಮುದುಕ. ‘ನಾವು ಗಿರಣಿಯಾಗ ಬೋನಸ್ ಕೇಳಿದಂಗ ಕೇಳಬೇಕು. ಅಂಗಲಾಚಬಾರದು.’

ಆ ಹುಕುಮಿನ ಹಿಂದಿನ ಕಥೆಯನ್ನು ಅವನು ಕೂಲರಿನ ಮಗ್ಗುಲಲ್ಲಿ ನಿಂತೇ ಅರ್ಧ ಹೇಳಿದ, ಉಳಿದದ್ದನ್ನು ನಾನು ಆಮೇಲೆ ತಿಳಕೊಂಡೆ. 1950ರಲ್ಲಿ ಮುಂಬೈ ಸಾರ್ವಜನಿಕ ಟ್ರಸ್ಟುಗಳ ಕಾನೂನು ಬಂತು. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೂ ಮುಂಬೈ ರಾಜ್ಯದಲ್ಲೇ ಇದ್ದವು. ಹೀಗಾಗಿ ಆ ಕಡೆಯ ಗುಡಿ, ಛತ್ರ, ವಾಚನಾಲಯಗಳ ಹಳೆಯ ನೋಂದಣಿಗಳೂ ಇದೇ ಕಾನೂನಿನವು. 1985ರಲ್ಲಿ ಅದಕ್ಕೆ 41 ಎಎ ಅಂತ ಒಂದು ಕಲಮು ಸೇರಿಸಿದರು. ಸರಕಾರದಿಂದ ಜಮೀನು, ತೆರಿಗೆ ಮಾಫಿ, ಇನ್ನೊಂದು ಮತ್ತೊಂದು ಸವಲತ್ತು ಪಡೆದ ಟ್ರಸ್ಟ್ ಆಸ್ಪತ್ರೆಗಳು ಬಡವರಿಗೆ ಹಾಸಿಗೆ ತೆಗೆದಿಡಬೇಕು ಅನ್ನೋದು ಅದರ ತಾತ್ಪರ್ಯ. ಕಾಗದದ ಮೇಲೆ ಇತ್ತು, ಹಾಸಿಗೆಯ ಮೇಲೆ ಇರಲಿಲ್ಲ. 2004ರಲ್ಲಿ ಮುಂಬೈ ಹೈಕೋರ್ಟಿಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2006ರ ಆಗಸ್ಟಿನಲ್ಲಿ ಕೋರ್ಟು ಒಂದು ಪೂರ್ಣ ಸ್ಕೀಮನ್ನೇ ಮಂಜೂರು ಮಾಡಿ, ಸೆಪ್ಟೆಂಬರ್ 1ರಿಂದ ಜಾರಿಗೆ ತಂದಿತು. ಬೋರ್ಡಿನ ಮೇಲಿದ್ದದ್ದು ಅದೇ.

ಮುದುಕ ಹೇಳಿದ ಹಾಗೆ ನಾನು ಆಸ್ಪತ್ರೆಯ ಆಫೀಸಿಗೆ ಹೋದೆ. ಅಲ್ಲಿಯ ಗುಮಾಸ್ತ ತಲೆ ಎತ್ತದೆ ಹೇಳಿದ: ‘ಆ ಕೋಟಾ ಫುಲ್ ಇದೆ.’ ಮುದುಕ ಇದನ್ನೂ ಮೊದಲೇ ಹೇಳಿ ಕಳಿಸಿದ್ದ. ಫುಲ್ ಅಂತಾರೆ, ವರಳಿಗೆ ಹೋಗು ಅಂದಿದ್ದ.

ವರಳಿಯಲ್ಲಿ, ಆನಿ ಬೆಸೆಂಟ್ ರಸ್ತೆಯ ಮೇಲೆ, ಧರ್ಮಾದಾಯ ಆಯುಕ್ತರ ಕಚೇರಿ. ಚಾರಿಟಿ ಕಮಿಷನರ್ ಅಂತ ನಮ್ಮ ಕಡೆ ಅನ್ನೋದು ಅದನ್ನೇ. ಭಜನಾ ಮಂಡಳಿಯಿಂದ ಜಿಮಖಾನಾ ತನಕ, ಗುಡಿಯಿಂದ ದರ್ಗಾದ ತನಕ ಎಲ್ಲ ಟ್ರಸ್ಟುಗಳ ಜಾತಕ ಅಲ್ಲಿ ಫೈಲಿನಲ್ಲಿ ಕಟ್ಟಿಟ್ಟಿರುತ್ತದೆ. ಕೆಂಪು ದಾರದ ಗಂಟುಗಳು, ಮಳೆಗೆ ಮೆತ್ತಗಾದ ಕಾಗದದ ವಾಸನೆ, ಬೆಂಚಿನ ಮೇಲೆ ಜಗಳಾಡುವ ಎರಡು ಗುಂಪಿನ ಟ್ರಸ್ಟಿಗಳು. ಅಲ್ಲಿಯ ಇನ್‌ಸ್ಪೆಕ್ಟರ್ ನನ್ನ ಅರ್ಜಿ ಓದಿ, ಅಚ್ಚು ಮಾಡಿದ ಸ್ಕೀಮಿನ ಪ್ರತಿಯನ್ನು ನನ್ನ ಕಡೆ ಸರಿಸಿದರು. ‘ಓದುತ್ತ ಕೂತಿರಿ, ಆಸ್ಪತ್ರೆಗೆ ಫೋನ್ ಹಚ್ಚತೀನಿ’ ಅಂದರು.

ಹಾಸಿಗೆಯ ಮಾತು ಬೋರ್ಡಿನಲ್ಲಿ ಇತ್ತು. ದುಡ್ಡಿನ ಮಾತು ಇರಲಿಲ್ಲ. ಅದು ಈ ಕಾಗದದಲ್ಲಿ ಇತ್ತು: ನಿರ್ಧನ ರೋಗಿ ನಿಧಿ. ಬಡವರನ್ನು ಬಿಟ್ಟು ಉಳಿದ ಎಲ್ಲ ರೋಗಿಗಳ ಒಟ್ಟು ಬಿಲ್ಲಿನಲ್ಲಿ ನೂರಕ್ಕೆ 2 ರೂಪಾಯಿಯನ್ನು ಆಸ್ಪತ್ರೆ ಬೇರೆ ಖಾತೆಗೆ ಹಾಕಬೇಕು. ಬಡ ರೋಗಿಯ ಔಷಧಿ, ಸಾಮಾನು ಸರಂಜಾಮಿನ ಖರ್ಚನ್ನು ಆ ಖಾತೆಯಿಂದ ತೆಗೆಯಬೇಕು. ವರ್ಷಕ್ಕೆ 50 ಕೋಟಿ ಬಿಲ್ಲು ಆಗುವ ಆಸ್ಪತ್ರೆ ಇದ್ದರೆ 1 ಕೋಟಿ.

ಇಲ್ಲಿ ನನಗೆ ನಗು ಬಂತು. ಕಾರಣ ಹೇಳ್ತೀನಿ. ನಮ್ಮ ಪೇಢಿಯ ಹಳೆಯ ಚೋಪಡಿಗಳಲ್ಲಿ ಪ್ರತಿ ಬಿಲ್ಲಿನ ಬುಡದಲ್ಲಿ ಹಮಾಲಿ, ತೋಲಾಯಿ, ದಲಾಲಿ ಆದ ಮೇಲೆ ಒಂದು ಸಣ್ಣ ರಕಮು ಇರುತ್ತಿತ್ತು: ಧರ್ಮಾದಾಯ. ನಿಮ್ಮಪ್ಪಂದಿರು ಸೊಲ್ಲಾಪುರದ ಅಡತಿ ಅಂಗಡಿಗೆ ಜೋಳ ಹಾಕಿ ತಂದ ಪಟ್ಟಿಯಲ್ಲೂ ಇದ್ದೀತು, ಹುಡುಕಿ ನೋಡಿ. ಚೀಲಕ್ಕೆ ಇಷ್ಟು ಪೈಸೆ ಅಂತ ಮುರಿದುಕೊಳ್ಳುತ್ತಿದ್ದರು. ದುಡ್ಡು ಕೊಟ್ಟವರು ಗಿರಾಕಿ, ರೈತ. ಅದನ್ನು ಕೂಡಿಸಿ ಛತ್ರ, ಗೋಶಾಲೆ, ದವಾಖಾನೆ ಕಟ್ಟಿಸಿದ ಮೇಲೆ ಕಲ್ಲಿನ ಮೇಲೆ ಕೆತ್ತಿಸಿದ ಹೆಸರು ಶೇಟ್‌ನದು. ಎಲ್ಲ ಶೇಟ್‌ಗಳೂ ಹಾಗೆ ಅಂತಲ್ಲ. ಸ್ವಂತ ಗಂಟು ಬಿಚ್ಚಿದವರೂ ಇದ್ದರು, ಮುಂಬೈಯ ಎಷ್ಟೋ ಆಸ್ಪತ್ರೆ ಅವರಿಂದಲೇ ಆದದ್ದು. ಆದರೆ ಈ ಪೈಸೆಯ ಆಟ ಸರಕಾರಕ್ಕೂ ಗೊತ್ತಿತ್ತು. ಅದೇ 1950ರ ಕಾನೂನಿನ 54ನೆಯ ಕಲಮು ಏನು ಹೇಳುತ್ತದೆ ಗೊತ್ತೇನು? ವ್ಯಾಪಾರದ ರೂಢಿಯಂತೆ ಧರ್ಮದ ಹೆಸರಲ್ಲಿ ಗಿರಾಕಿಯಿಂದ ಎತ್ತಿದ ದುಡ್ಡು ವ್ಯಾಪಾರಿಯ ಕೈಯಲ್ಲಿದ್ದರೂ ವ್ಯಾಪಾರಿಯದಲ್ಲ, ಅವನು ಅದಕ್ಕೆ ಬರೀ ಟ್ರಸ್ಟಿ. ನಾನು ಇಪ್ಪತ್ತನೆಯ ವಯಸ್ಸಿನಿಂದ ಬರೆಯುತ್ತಿದ್ದ ಕಾಲಮ್ಮೇ ಆಸ್ಪತ್ರೆಯಲ್ಲಿ ನೂರಕ್ಕೆ 2 ಆಗಿ ಕೂತಿತ್ತು. ಮೇಲಿನ ಮಹಡಿಯ ಎಸಿ ರೂಮಿನಲ್ಲಿ ಮಲಗಿದವರ ಬಿಲ್ಲಿನ ಲೆಕ್ಕದಲ್ಲೇ ಕಾಕಾನ ಸಲೈನ್ ಬಾಟಲಿಯ ದುಡ್ಡು ಎತ್ತಿಟ್ಟಾಗಿತ್ತು. ಅದರ ಮೇಲೆ ನಮ್ಮಿಂದಲೂ ಕೇಳುತ್ತಿದ್ದರು.

ಹಾಗಾದರೆ ಈ ದುಡ್ಡು ಬಡವನ ಕೈಗೆ ಯಾಕೆ ಹತ್ತೋದಿಲ್ಲ? ನನಗೆ ಅನಿಸಿದ್ದು ಇಷ್ಟು: ಕೊಡಬೇಕಾದವನೇ ಬಾಕಿಯ ಚೀಟಿಯನ್ನು ತನ್ನ ಗಲ್ಲೆಯಲ್ಲಿ ಇಟ್ಟುಕೊಂಡು ಕೂತಿದ್ದಾನೆ. ಹಾಸಿಗೆ ಖಾಲಿ ಇದೆಯೋ ಇಲ್ಲವೋ ಹೇಳುವವನು ಅವನೇ, ನಿಧಿಯಲ್ಲಿ ಎಷ್ಟಿದೆ ಹೇಳುವವನು ಅವನೇ, ನೀನು ಬಡವ ಹೌದೋ ಅಲ್ಲವೋ ಅನ್ನೋದನ್ನು ಮೊದಲು ತೀರ್ಮಾನಿಸುವವನೂ ಅವನೇ. ಲೆಕ್ಕ ಕೇಳಬೇಕಾದ ಕಮಿಷನರ್ ಕಚೇರಿಗೆ ಭಜನಾ ಮಂಡಳಿಗಳ ಜಗಳ ಬಿಡಿಸಿ ಪುರಸೊತ್ತಿಲ್ಲ.

ಫೋನಿನ ಕೆಲಸ ಮಾತ್ರ ಚುರುಕಾಗಿ ಆಯಿತು. ನಾನು ವರಳಿಯಿಂದ ತಿರುಗಿ ಬರುವಷ್ಟರಲ್ಲಿ ಆಸ್ಪತ್ರೆಯ ಸೋಶಿಯಲ್ ವರ್ಕರ್ ಬಾಯಿ ಕಾಕಾನ ಹಾಸಿಗೆಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತಿದ್ದರು. ಸ್ಕೀಮಿನ ಪ್ರಕಾರ ಕಾಗದ ಪರಿಶೀಲಿಸುವವರು ಅವರು. ತಹಶೀಲ್ದಾರರ ದಾಖಲೆ ಅಥವಾ ರೇಷನ್ ಕಾರ್ಡ್ ನೋಡಿ ಫಾರ್ಮು ತುಂಬಬೇಕು. ಕೊಲ್ಹಾಪುರದ ಕಡೆಯ ಹೆಣ್ಣುಮಗಳು, ಮಾತು ಮೆತ್ತಗೆ. ಕಾಕಾನ ಮೂಗಿನಲ್ಲಿ ಇನ್ನೂ ನಳಿಗೆ ಇತ್ತು. ಫಾರ್ಮಿನಲ್ಲಿ ಒಂದು ಪ್ರಶ್ನೆ, ಪಗಾರ ಎಷ್ಟು.

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೇಳಿದ, ‘ಮೂರು ಸಾವಿರ.’ ಅಷ್ಟಕ್ಕೇ ನಿಲ್ಲಲಿಲ್ಲ. ಸಲೈನ್ ಹಚ್ಚಿದ ಕೈಯನ್ನೇ ಎತ್ತಿ ಮೀಸೆಯ ಒಂದು ತುದಿ ತೀಡಿದ. ‘ರಾತ್ರಿ ಪಾಳಿದು ಬ್ಯಾರೆ.’

ಮೂರು ಸಾವಿರ ಹನ್ನೆರಡಲೆ 36,000. ನಿರ್ಧನನಾಗಲು 25,000ದ ಗೆರೆ. ಕಾಕಾ ಒಂದೇ ಮಾತಿನಲ್ಲಿ ಆ ಗೆರೆಯ ಮೇಲೆ ಹತ್ತಿ ನಿಂತ. ಕಾಕಿ ಹಣೆ ಚಚ್ಚಿಕೊಂಡಳು. ಮುದುಕ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ, ನಗುತ್ತಿದ್ದನೋ ಬೈಯುತ್ತಿದ್ದನೋ ತಿಳಿಯಲಿಲ್ಲ. ಬಾಯಿ ಪೆನ್ನು ಎತ್ತಿ ಹಿಡಿದು ಒಂದು ಗಳಿಗೆ ಕಾದರು. ‘ವರ್ಷ ಪೂರ್ತಿ ಕೆಲಸ ಇರ್ತದೇನು, ಅಜ್ಜ?’ ಅಂತ ದಾರಿ ಬಿಟ್ಟು ಕೊಟ್ಟರು. ಸುಗ್ಗಿಗೆ, ಜಾತ್ರೆಗೆ, ಮಳೆಗೆ ಅಂತ ನಾಲ್ಕೈದು ತಿಂಗಳು ಕಾಕಾ ಊರಲ್ಲೇ ಇರುತ್ತಿದ್ದ. ಅದನ್ನು ಹೇಳಿದ್ದರೆ ಮುಗಿಯಿತು. ಅಜ್ಜ ಅಂದದ್ದಕ್ಕೆ ಅವನಿಗೆ ಸಿಟ್ಟು ಬಂದಿತ್ತು. ‘ಕೆಲಸಕ್ಕ ಏನ್ ಬರ ಬಂದದ? ದುಡದ್ರ ಹನ್ನೆರಡ ತಿಂಗಳೂ ಕೆಲಸ ಐತಿ’ ಅಂದುಬಿಟ್ಟ. ಬಾಯಿ ನನ್ನ ಕಡೆ ಒಮ್ಮೆ ನೋಡಿ ‘ದುರ್ಬಲ ವರ್ಗ’ ಅಂತ ಬರೆದರು.

ಹೋಗುವಾಗ ಅವರು ಒಂದು ಮಾತು ಹೇಳಿದ್ದು ನೆನಪಿದೆ. ಇಲ್ಲಿಗೆ ಕಾರಿನಲ್ಲಿ ಬಂದು ಇಳಿದು, ಬಳೆ ತೆಗೆದು ಪರ್ಸಿನಲ್ಲಿ ಹಾಕಿಕೊಂಡು, ತಹಶೀಲ್ದಾರರಿಂದ 24,000ದ ದಾಖಲೆ ತಂದು ತೋರಿಸುವವರೂ ಇದ್ದಾರೆ, ನಿಮ್ಮ ಕಾಕಾನಂಥವರನ್ನು ನಾನು ನೋಡಿಲ್ಲ ಅಂದರು. ಸರಕಾರ ಬಡತನಕ್ಕೆ ಒಂದು ಗೆರೆ ಎಳೆಯುತ್ತದೆ. ಆ ಗೆರೆ ಎಲ್ಲಿದೆ ಅನ್ನೋದು ಬಡವನಿಗಿಂತ ಮೊದಲು ಉಳ್ಳವನಿಗೆ ಗೊತ್ತಾಗುತ್ತದೆ.

ಕೋಟಾ ಫುಲ್ ಅಂದಿದ್ದರಲ್ಲ, ಅದರ ಗುಟ್ಟು ಮುದುಕನೇ ತೋರಿಸಿದ. ಜನರಲ್ ವಾರ್ಡಿನ ತುದಿಗೆ ಒಂದು ಮಡಚುವ ಪರದೆ ಇತ್ತು. ಅದರ ಆಚೆ ಹಾಸಿಗೆಗಳ ಒಂದು ಸಾಲು. ಒಂದೆರಡರ ಗಾದಿಗೆ ಕಂಪನಿಯ ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿರಲಿಲ್ಲ. ಒಂದರ ಮೇಲೆ ಮುರಿದ ಸಲೈನ್ ಸ್ಟ್ಯಾಂಡುಗಳು, ಇನ್ನೊಂದರ ಮೇಲೆ ಮಡಚಿದ ಚಾದರಗಳ ಗುಡ್ಡೆ. ತಲೆಯ ಕಡೆಯ ಗೋಡೆಗೆ ನಂಬರಿನ ಜೊತೆ ‘ನಿರ್ಧನ’ ಅಂತ ಅಂದವಾಗಿ ಬರೆದ ತಗಡು. ತಪಾಸಣೆಗೆ ಬಂದವರಿಗೆ ತೋರಿಸಲು ಹಾಸಿಗೆ ಇತ್ತು, ಮಲಗಿಸಲು ಇರಲಿಲ್ಲ.

ಬಿಲ್ಲನ್ನು ಹೊಸದಾಗಿ ಮಾಡಿಕೊಟ್ಟರು. ನಾನು ಲೆಕ್ಕದವನು, ನನಗೆ ಅದು ಕಾದಂಬರಿಗಿಂತ ರಸವತ್ತಾಗಿತ್ತು. ಹಳೆಯ ಬಿಲ್ಲಿನಲ್ಲಿ ಹಾಸಿಗೆ ಬಾಡಿಗೆ, ನರ್ಸಿಂಗ್, ಡ್ಯೂಟಿ ಡಾಕ್ಟರ್, ಊಟ, ದಿನದ ರಕ್ತ ಪರೀಕ್ಷೆ ಎಲ್ಲಕ್ಕೂ ಬೇರೆ ಬೇರೆ ಸಾಲು. ಕೈಗವಸು ಮೂರು ಕಡೆ ಬೇರೆ ಬೇರೆ ಹೆಸರಿನಲ್ಲಿ ಬಂದಿತ್ತು. ಕೊನೆಗೆ ‘ಇತರೆ’ ಅಂತ ಒಂದು ರಕಮು, ನಮ್ಮ ಪೇಢಿಯಲ್ಲಿ ಶೇಟ್ ಹಾಗೆ ಬರೆದರೆ ನಾವು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಹೊಸ ಬಿಲ್ಲಿನಲ್ಲಿ ಹಾಸಿಗೆ, ಊಟ, ನರ್ಸಿಂಗ್, ನೀರು, ದೀಪ, ಸಾದಾ ತಪಾಸಣೆ ಇವೆಲ್ಲ ಬಿಲ್ಲು ಹಾಕಬಾರದ ಬಾಬತ್ತುಗಳಾಗಿ ಹಾರಿಹೋದವು. ಉಳಿದದ್ದಕ್ಕೆ ಅತಿ ಕೆಳಗಿನ ಕ್ಲಾಸಿನ ದರ. ಔಷಧಿ, ಸಾಮಾನಿನ ಖರ್ಚಿನಲ್ಲಿ ಅರ್ಧ ನಮ್ಮದು, ಅರ್ಧ ನಿಧಿಯದು. ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ತಮ್ಮ ಫೀಯನ್ನೇ ಬಿಟ್ಟುಕೊಟ್ಟಿದ್ದರು. ಅವರ ಮುಖ ನಾನು ಒಮ್ಮೆಯೂ ಸರಿಯಾಗಿ ನೋಡಲಿಲ್ಲ. ಕೊನೆಗೆ ನಿಂತದ್ದು ಹದಿನಾರು ಸಾವಿರದ ಚಿಲ್ಲರೆ. ಮೊದಲು ಕಟ್ಟಿದ್ದರಲ್ಲಿ ಮುರಿದುಕೊಂಡು ಉಳಿದದ್ದನ್ನು ವಾಪಸು ಕೊಟ್ಟರು. ಗುಂಡಿನ ಸರ ಕಾಕಿಯ ಕೊರಳಿಗೆ ಹೋಯಿತು.

ಆಸ್ಪತ್ರೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಲೆಕ್ಕ ಒಂದು ಬದಿಯದಾಗುತ್ತದೆ. ಡಿಸ್ಚಾರ್ಜ್ ಕಾಗದಕ್ಕೆ ಸಹಿ ಮಾಡಿದ ಆಡಳಿತಾಧಿಕಾರಿ ನನ್ನನ್ನು ಕೂಡಿಸಿ ಚಹಾ ಕೊಟ್ಟರು. ನಿಮ್ಮಂಥವರು ಆರು ಜನ ಐಸಿಯುಗೆ ಬಂದರೆ ನಮ್ಮ ನೂರಕ್ಕೆ 2 ದೀಪಾವಳಿಗೇ ಮುಗಿಯುತ್ತದೆ, ಮಾರ್ಚ್ ತನಕ ಉಳಿದದ್ದನ್ನು ಯಾರು ಕೊಡಬೇಕು ಅಂದರು. ಜಮೀನು ಕೊಟ್ಟದ್ದು ನಮ್ಮ ಅಜ್ಜಂದಿರ ಕಾಲದಲ್ಲಿ, ಮಶೀನು ಕೊಳ್ಳೋದು ಈಗಿನ ದರದಲ್ಲಿ ಅಂದರು. ಮಾತು ಸುಳ್ಳಲ್ಲ. ಒಂದು ಪರ್ಸೆಂಟು ನಿಗದಿ ಮಾಡಿ ಕೈ ತೊಳಕೊಳ್ಳೋದು ಸರಕಾರಕ್ಕೆ ಸುಲಭ. ಹಳಿಯ ಆಚೆಯ ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ಹಾಸಿಗೆ ಹೆಚ್ಚು ಮಾಡೋದು ಕಷ್ಟ. ಆದರೂ, ಪ್ಲಾಸ್ಟಿಕ್ ತೆಗೆಯದ ಗಾದಿಗೆ ಅವರ ಹತ್ತಿರ ಜವಾಬು ಇರಲಿಲ್ಲ. ನಾನು ಕೇಳಿದೆ. ಅವರು ಚಹಾ ಆರುತ್ತದೆ ಅಂದರು.

ಹೊರಡುವ ದಿನ ಕಾಕಾ ಒಂದು ಹಟ ಹಿಡಿದ. ಹಾರ ತರಬೇಕು, ಶೇಟ್‌ನ ಮೂರ್ತಿಗೆ ಹಾಕಬೇಕು. ನನಗೆ ಮೈ ಉರಿಯಿತು. ಲಿಫ್ಟಿನ ಹತ್ತಿರ ನಿಂತು ಕಲಮು, ಕೋರ್ಟು, ನಿಧಿ, ನೂರಕ್ಕೆ 2 ಎಲ್ಲ ಹೇಳಿದೆ. ಶೇಟ್‌ನ ಉಪಕಾರ ಏನೂ ಇಲ್ಲ ಇದರಾಗ, ಇದು ನಿನ್ನ ಹಕ್ಕು ಅಂದೆ. ಕಾಕಾ ಹೊಟ್ಟೆಯ ಹೊಲಿಗೆ ಹಿಡಕೊಂಡು ಪೂರ್ತಿ ಕೇಳಿದ. ಆಮೇಲೆ ಅಂದ:

‘ಹಕ್ಕ ಆಗಿದ್ರ ಆ ರಾತ್ರಿ ಗಲ್ಲೆದವನ ಮುಂದ ನೀ ಯಾಕ ಕೈ ಮುಗದಿ?’

ಹೂವಿನವನ ಹತ್ತಿರ ಹೋಗಿ ಹಾರ ತಂದೆ. ಬೇರೆ ದಾರಿ ಇರಲಿಲ್ಲ.

ಮುಂದಿನ ವರ್ಷ, 2010ರಲ್ಲಿ, ಗಡಿಯ ಆಚೆ ಕಲಬುರ್ಗಿ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾಯಿತು. ಆಳಂದದ ನಮ್ಮ ಬೀಗರ ಮನೆಯಲ್ಲಿ ಒಬ್ಬರಿಗೆ ಹೃದಯದ ಆಪರೇಷನ್ ಆಯಿತು, ದುಡ್ಡು ಸರಕಾರವೇ ಆಸ್ಪತ್ರೆಗೆ ಕೊಟ್ಟಿತು. ನಮ್ಮ ಸೊಲ್ಲಾಪುರ ಜಿಲ್ಲೆಗೆ ಅಂಥದು ಬಂದದ್ದು 2012ರಲ್ಲಿ, ರಾಜೀವ್ ಗಾಂಧಿ ಜೀವನದಾಯಿ ಅಂತ. ಕಾಕಾನಿಗೆ ಅದು ಹಿಡಿಸಿತು, ಕೌಂಟರಿನವನು ಆಗ ಬಡವನನ್ನು ಕಂಡರೆ ಸರಕಾರದ ಗಿರಾಕಿ ಬಂದ ಅಂತ ಏಳುತ್ತಾನೆ ಅನ್ನುತ್ತಿದ್ದ. ನನಗೆ ಒಂದು ಅನುಮಾನ ಇದ್ದೇ ಇದೆ. ಜಮೀನಿನ ಋಣ ಇರುವ ಆಸ್ಪತ್ರೆಗೂ ಸರಕಾರವೇ ಬಿಲ್ಲು ಕೊಡತೊಡಗಿದರೆ ಆ ಹಳೆಯ ಋಣದ ಲೆಕ್ಕ ಎಲ್ಲಿ ಹೋಯಿತು? ದಿಲ್ಲಿಯಲ್ಲೂ ಇದೇ ತಂಟೆ. ಅಗ್ಗದ ದರಕ್ಕೆ ಸರಕಾರಿ ಜಮೀನು ಪಡೆದ ಆಸ್ಪತ್ರೆಗಳು ಒಳರೋಗಿಗಳಲ್ಲಿ 10, ಹೊರರೋಗಿಗಳಲ್ಲಿ 25 ಪ್ರತಿಶತ ಬಡವರನ್ನು ಪುಕ್ಕಟೆ ನೋಡಬೇಕು ಅಂತ ಅಲ್ಲಿಯ ಹೈಕೋರ್ಟು 2007ರಲ್ಲಿ ಹೇಳಿತು. ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯುವಾಗ 2018 ಆಗಿತ್ತು.

ತಂಗಿಯ ಮಗ ಅಮೆರಿಕದಲ್ಲಿ ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಾನೆ. ಹೋದ ಬೇಸಿಗೆಗೆ ಬಂದಾಗ ಕೇಳಿದೆ. ಅಲ್ಲೂ ಧರ್ಮದ ಹೆಸರಿನ, ತೆರಿಗೆ ಇಲ್ಲದ ಆಸ್ಪತ್ರೆಗಳೇ ಬಹಳವಂತೆ. ಮೊದಲು, ಕೈಲಾದ ಮಟ್ಟಿಗೆ ಬಡವರನ್ನು ಪುಕ್ಕಟೆ ನೋಡಬೇಕು ಅಂತ ಇತ್ತಂತೆ. 1969ರಲ್ಲಿ ಅದನ್ನು ಸಡಿಲಿಸಿ, ಒಟ್ಟಾರೆ ಊರಿಗೆ ಉಪಯೋಗ ಆದರೆ ಸಾಕು ಅಂತ ಮಾಡಿದರಂತೆ. ಒಬಾಮಾ ಕಾಲದ 2010ರ ಕಾನೂನು ಬಂದ ಮೇಲೆ, ಬಡವರಿಗೆ ಏನು ರಿಯಾಯಿತಿ ಅಂತ ಬರೆದು ಪ್ರಕಟಿಸಬೇಕು, ಮೂರು ವರ್ಷಕ್ಕೊಮ್ಮೆ ಊರಿಗೆ ಏನು ಬೇಕು ಅಂತ ಸಮೀಕ್ಷೆ ಮಾಡಬೇಕು. ನೂರಕ್ಕೆ ಎಷ್ಟು ಅಂತ ಇಡೀ ದೇಶಕ್ಕೆ ಒಂದು ಅಂಕಿ ಮಾತ್ರ ಇಲ್ಲವಂತೆ. ‘ಮಾಮಾ, ನಿಮ್ಮಲ್ಲಿ ಅಂಕಿ ಐತಿ, ಹಾಸಿಗಿ ಇಲ್ಲ. ನಮ್ಮಲ್ಲಿ ಹಾಸಿಗಿ ಐತಿ, ಅಂಕಿ ಇಲ್ಲ’ ಅಂತ ನಕ್ಕ. ಅವನಿಗೆ ನಗೋದು ಸುಲಭ. ಇನ್ಶೂರೆನ್ಸ್ ಇದೆ.

ಈಗ ಮಹಾರಾಷ್ಟ್ರದಲ್ಲಿ ಈ ಸ್ಕೀಮಿನೊಳಗೆ 400ಕ್ಕೂ ಮಿಕ್ಕಿ ಆಸ್ಪತ್ರೆಗಳಿವೆ. ಆದಾಯದ ಗೆರೆಗಳು ಮೇಲೆ ಹೋಗಿವೆ, ನಿರ್ಧನನಿಗೆ 1,80,000, ದುರ್ಬಲನಿಗೆ 3,60,000. 2025ರ ಏಪ್ರಿಲ್‌ನಲ್ಲಿ ಪುಣೆಯಲ್ಲಿ ಒಬ್ಬ ಬಸುರಿಯ ವಿಷಯದಲ್ಲಿ ಡಿಪಾಜಿಟ್ ಕೇಳಿದರು ಅಂತ ದೊಡ್ಡ ಗದ್ದಲ ಆಯಿತು, ಪೇಪರು ಟಿವಿ ಎಲ್ಲ ಅದೇ. ತುರ್ತು ರೋಗಿಯಿಂದ ಮುಂಗಡ ಕೇಳಬಾರದು ಅಂತ ಆಗ ಎಲ್ಲರೂ ಹೊಸದಾಗಿ ಕಂಡುಹಿಡಿದವರ ಹಾಗೆ ಮಾತಾಡಿದರು. ಆ ಸಾಲು 2006ರಿಂದ ಕೂಲರಿನ ಹಿಂದೆ ಇತ್ತು.

ಊರವರು ನನಗೆ ಫೋನ್ ಮಾಡೋದು ನಿಂತಿಲ್ಲ. ಈಚೆಗೆ ಜತ್ತದ ಕಡೆಯ ಒಬ್ಬ ಹುಡುಗ, ಅಪ್ಪನಿಗೆ ಪಾರ್ಶ್ವವಾಯು ಹೊಡೆದಿದೆ, ಕೌಂಟರಿನಲ್ಲಿ ನಿಂತಿದ್ದೇನೆ ಅಂತ ಫೋನ್ ಮಾಡಿದ. ‘ಫೋನ್ ಅವರ ಕೈಯಾಗ ಕೊಡು’ ಅಂದೆ. ಆ ಕಡೆಯ ದನಿಗೆ ಮರಾಠಿಯಲ್ಲಿ 41 ಎಎ ಅಂದೆ, ವರಳಿ ಅಂದೆ. ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. ‘ಸಾಹೇಬರು ಯಾರು?’ ಅಂತ ಕೇಳಿದ. ಪೇಷಂಟಿನ ಲೆಕ್ಕದವನು ಅಂದೆ. ಅಡ್ಮಿಟ್ ಮಾಡಿಕೊಂಡರು. ಮಾರನೆಯ ದಿನ ಹುಡುಗ ಮತ್ತೆ ಫೋನ್ ಮಾಡಿ, ಸೋಶಿಯಲ್ ವರ್ಕರ್ ಫಾರ್ಮು ತಂದಾರ, ಏನ್ ಹೇಳಲಿ ಅಂದ. ಇದ್ದದ್ದನ್ನೇ ಹೇಳು, ಆದರೆ ಪಗಾರ ಕೇಳಿದ ಕೂಡಲೇ ಬಾಯಿ ಬಿಡಬ್ಯಾಡ, ಹೋದ ವರ್ಷ ನಿಮ್ಮಪ್ಪಗ ಖರೇ ಎಷ್ಟು ತಿಂಗಳು ಕೆಲಸ ಇತ್ತು, ಅದನ್ನ ಮೊದಲು ಬೆರಳ ಮ್ಯಾಲ ಎಣಿಸು ಅಂದೆ.